ಗೂಡಿಗೆ ಬಂದ ಹೊಸ ಹೇಂಟೆಗಳು

ನಮ್ಮ ಕರಾವಳಿಯ ಮನೆಗಳಲ್ಲಿ ಮುಂಜಾನೆ ಕೋಳಿಗೂಡಿನ ಬಾಗಿಲು ತೆರೆಯುವ ಕೆಲಸ ಬಹುಮಟ್ಟಿಗೆ ಅಜ್ಜಿಯಂದಿರದು, ಇಲ್ಲವೇ ಮಕ್ಕಳದು. ಬಾಗಿಲು ಸರಿದೊಡನೆ ಕೋಳಿಗಳು ಒಂದರ ಹಿಂದೊಂದಾಗಿ ಹೊರಗೆ ಬಂದು, ರೆಕ್ಕೆ ಕೊಡವಿ, ಅಂಗಳದಲ್ಲಿ ಚೆಲ್ಲಿದ ನುಚ್ಚಿನತ್ತ ಧಾವಿಸುತ್ತವೆ. ಮೇಲುನೋಟಕ್ಕೆ ಇದೊಂದು ಗೊಂದಲದ ನೂಕುನುಗ್ಗಲು. ಆದರೆ ನಾಲ್ಕು ದಿನ ಅದೇ ಸ್ಥಳದಲ್ಲಿ ನಿಂತು ಗಮನಿಸಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ನುಚ್ಚಿನ ನಡುವೆ ನಿಂತು ತಿನ್ನುವ ಹೇಂಟೆ ದಿನವೂ ಅದೇ. ಅಂಚಿನಲ್ಲಿ ನಿಂತು, ಅತ್ತಿತ್ತ ನೋಡಿ, ಒಂದೊಂದೇ ಕಾಳನ್ನು ಕದ್ದಂತೆ ಹೆಕ್ಕುವ ಹೇಂಟೆಯೂ ದಿನವೂ ಅದೇ. ಸಂಜೆ ಗೂಡಿನೊಳಗೆ ಅಡ್ಡಗೋಲಿನ ಮೇಲೆ ಕೂರುವಾಗಲೂ ಬೆಚ್ಚನೆಯ ಮೂಲೆ ಯಾವುದಕ್ಕೆ, ಎರಚಲು ಬೀಳುವ ಬಾಗಿಲ ಬದಿ ಯಾವುದಕ್ಕೆ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಹೀಗೆ ನಿಶ್ಚಯವಾಗಿರುವುದರಿಂದಲೇ ಆ ಗೂಡಿನಲ್ಲಿ ದಿನನಿತ್ಯದ ಕಾದಾಟವಿಲ್ಲ.

ಇಂಥ ಗೂಡಿಗೆ ಹೊರಗಿನ ಹೇಂಟೆಗಳು ಬಂದರೆ ಏನಾಗುತ್ತದೆ? ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಎಂಟು ಹೇಂಟೆಗಳಿದ್ದು, ಅವುಗಳಲ್ಲಿ ಎರಡನ್ನು ಮುಂಗುಸಿ ಹೊತ್ತೊಯ್ದಿತೆಂದು ಇಟ್ಟುಕೊಳ್ಳೋಣ. ಮನೆಯವರು ಸಂತೆಯಿಂದ ಎರಡು ಹೇಂಟೆಗಳನ್ನು ಕಾಲು ಕಟ್ಟಿ ತರುತ್ತಾರೆ. ಕಟ್ಟು ಬಿಚ್ಚಿ ಉಳಿದ ಆರರ ನಡುವೆ ಬಿಡುತ್ತಾರೆ. ಕಾಲು ಗಂಟೆ ಕಳೆಯುವುದರೊಳಗೆ ಒಂದರ ಜುಟ್ಟಿನಿಂದ ರಕ್ತ ಸುರಿಯುತ್ತಿರುತ್ತದೆ. ಅದು ಕಟ್ಟಿಗೆಯ ರಾಶಿಯೊಳಗೆ ತಲೆ ತುರುಕಿ ನಿಂತಿರುತ್ತದೆ. ಮತ್ತೊಂದು ಬೇಲಿ ಹಾರಿ ನೆರೆಯ ತೋಟ ಸೇರಿ, ಕತ್ತಲಾದರೂ ಮರಳುವುದಿಲ್ಲ. ಆ ರಾತ್ರಿ ಹೊರಗುಳಿದ ಕೋಳಿ ಬೆಳಗಿನವರೆಗೆ ಬದುಕುವ ಭರವಸೆ ಕಡಿಮೆ. “ಸಂತೆಯ ಕೋಳಿ ನಮ್ಮಲ್ಲಿ ಒಗ್ಗುವುದಿಲ್ಲ” ಎಂದು ಮನೆಯವರು ತೀರ್ಮಾನಿಸುತ್ತಾರೆ. ವಾಸ್ತವವಾಗಿ ಒಗ್ಗದಿದ್ದುದಕ್ಕೆ ಆ ಕೋಳಿಗಳು ಹೊಣೆಯಲ್ಲ. ಅವುಗಳಿಗೆ ಒಗ್ಗುವಷ್ಟು ಕಾಲವನ್ನೂ ಸ್ಥಳವನ್ನೂ ಯಾರೂ ಕೊಡಲಿಲ್ಲ.

ಕೋಳಿಯ ಈ ಸ್ವಭಾವದ ಬೇರು ಕಾಡಿನಲ್ಲಿದೆ. ಇಂದಿನ ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಥೈಲ್ಯಾಂಡಿನ ಪ್ರಾಚೀನ ನೆಲೆಗಳಲ್ಲಿ ದೊರೆತ ಎಲುಬುಗಳನ್ನು ಪರಿಶೀಲಿಸಿದ ವಿದ್ವಾಂಸರು, ಸುಮಾರು 3500 ವರ್ಷಗಳ ಹಿಂದೆ, ಭತ್ತದ ಬೇಸಾಯ ಹರಡಿದ ಕಾಲದಲ್ಲಿ, ಕಾಳಿನ ಆಸೆಗೆ ಬಂದ ಈ ಹಕ್ಕಿ ಮನುಷ್ಯನ ಬಳಿ ನೆಲಸಿತೆಂದು 2022ರಲ್ಲಿ ಅಭಿಪ್ರಾಯಪಟ್ಟರು. ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿ ಇದರ ದಾಯಾದಿ, ಅದು ಬೂದುಬಣ್ಣದ್ದು. ಕಾರ್ಕಳದ ಮೂಡಣ ದಿಕ್ಕಿನಲ್ಲಿ ಘಟ್ಟದ ಬುಡದ ಕಾಡಂಚಿನಲ್ಲಿ ವಾಸಿಸುವವರಿಗೆ ಅದರ ಒಡಕು ದನಿಯ ಕೂಗು ಪರಿಚಿತ. ಈ ಬೂದು ಕೋಳಿಯೂ ನಮ್ಮ ಅಂಗಳದ ಕೋಳಿಗೆ ಒಂದು ಪಾಲು ಕೊಟ್ಟಿದೆ. ಸಾಕುಕೋಳಿಯ ಕಾಲು ಮತ್ತು ಚರ್ಮಕ್ಕೆ ಹಳದಿ ಬಣ್ಣ ಬಂದುದು ಇದರ ವಂಶದಿಂದ ಎಂಬುದು 2008ರಲ್ಲಿ ನಡೆದ ಸಂಶೋಧನೆಯಿಂದ ತಿಳಿದುಬಂದಿತು. ಕಾಡಿನಲ್ಲಿ ಈ ಹಕ್ಕಿಗಳು ದೊಡ್ಡ ಹಿಂಡುಗಳಾಗಿ ಬಾಳುವುದಿಲ್ಲ. ಕೆಲವೇ ಹಕ್ಕಿಗಳ ಗುಂಪು, ಅದಕ್ಕೊಂದು ತಿರುಗಾಟದ ನೆಲ. ಅಪರಿಚಿತ ಹಕ್ಕಿ ಒಳಗೆ ಬಂದರೆ ಅಟ್ಟಿಬಿಡುತ್ತವೆ. ಅಟ್ಟಿಸಿಕೊಂಡದ್ದು ಪೊದೆಯೊಳಗೆ ಹೊಕ್ಕು ದೂರ ಹೋಗುತ್ತದೆ; ಅಲ್ಲಿಗೆ ವ್ಯಾಜ್ಯ ಮುಗಿಯಿತು. ನಮ್ಮ ಅಂಗಳದಲ್ಲಿ ಅಟ್ಟುವ ಸ್ವಭಾವ ಉಳಿದಿದೆ, ಓಡಿಹೋಗುವ ಕಾಡು ಉಳಿದಿಲ್ಲ. ಮುರಕಲ್ಲಿನ ಆವರಣಗೋಡೆಯೂ ತಂತಿಬೇಲಿಯೂ ಸುತ್ತುವರಿದಿವೆ.

ಕೋಳಿಗಳೊಳಗಿನ ಈ ಏರ್ಪಾಡನ್ನು ಮೊತ್ತಮೊದಲು ಶಾಸ್ತ್ರೀಯವಾಗಿ ವಿವರಿಸಿದವನು ನಾರ್ವೆ ದೇಶದ ಥಾರ್ಲೈಫ್ ಶೆಲ್ಡೆರುಪ್-ಎಬ್ಬೆ. 1894ರಲ್ಲಿ ಹುಟ್ಟಿದ ಈತನಿಗೆ ಎಳವೆಯಿಂದಲೇ ಕೋಳಿಗಳಲ್ಲಿ ಆಸಕ್ತಿ. ನಿಮಗಿಂತಲೂ ಚಿಕ್ಕ ವಯಸ್ಸಿನಲ್ಲೇ ಈತ ಕೋಳಿಗಳ ಬಳಿ ಕುಳಿತು, ಯಾವುದು ಯಾವುದನ್ನು ಕುಕ್ಕಿತೆಂದು ಗುರುತು ಮಾಡಿಕೊಳ್ಳತೊಡಗಿದ್ದನು. ವರ್ಷಗಟ್ಟಲೆ ನಡೆದ ಈ ಗಮನಿಕೆಯ ಫಲವನ್ನು ಅವನು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು. ಒಂದು ಹಿಂಡಿನ ಯಾವ ಎರಡು ಹೇಂಟೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಮೇಲು, ಒಂದು ಕೆಳಗು. ಮೇಲಿನದು ಕುಕ್ಕಬಹುದು, ಕೆಳಗಿನದು ಸರಿದು ನಿಲ್ಲಬೇಕು. ಎಲ್ಲವನ್ನೂ ಕುಕ್ಕಿ ಯಾವುದರಿಂದಲೂ ಕುಕ್ಕಿಸಿಕೊಳ್ಳದ ಹೇಂಟೆಯೊಂದು ತುದಿಯಲ್ಲಿರುತ್ತದೆ. ಎಲ್ಲವುಗಳಿಂದ ಕುಕ್ಕಿಸಿಕೊಂಡು ಯಾವುದನ್ನೂ ಕುಕ್ಕದ ಒಂದು ಬುಡದಲ್ಲಿರುತ್ತದೆ. ಇದಕ್ಕೆ ‘ಕುಕ್ಕುವ ಶ್ರೇಣಿ’ ಎಂದು ಹೆಸರಾಯಿತು. ಇದು ಯಾವಾಗಲೂ ಏಣಿಯಂತೆ ನೇರವಾಗಿರುತ್ತದೆಂದು ಭಾವಿಸಬೇಕಾಗಿಲ್ಲ. ಕರಿಯ ಹೇಂಟೆ ಕೆಂಪನ್ನು, ಕೆಂಪು ಬಿಳಿಯದನ್ನು, ಬಿಳಿಯದು ಮತ್ತೆ ಕರಿಯದನ್ನೇ ಕುಕ್ಕುವ ತ್ರಿಕೋನಗಳನ್ನೂ ಅವನು ಕಂಡಿದ್ದನು.

ಈಗ ಸ್ವಲ್ಪ ಗಣಿತ. ಆರು ಹೇಂಟೆಗಳಿರುವ ಗೂಡಿನಲ್ಲಿ ಎಷ್ಟು ಜೋಡಿಗಳಿವೆ? ಪ್ರತಿಯೊಂದಕ್ಕೂ ಉಳಿದ ಐದರೊಡನೆ ಸಂಬಂಧ; ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 15. ಈ ಹದಿನೈದೂ ತೀರ್ಮಾನವಾದ ವ್ಯವಹಾರಗಳು. ಎರಡು ಹೊಸ ಹೇಂಟೆಗಳು ಸೇರಿದವೆಂದರೆ ಒಟ್ಟು ಎಂಟು, ಜೋಡಿಗಳು 28. ಎರಡೇ ಹಕ್ಕಿ ಹೆಚ್ಚಿದರೂ ತೀರ್ಮಾನವಾಗಬೇಕಾದ ವ್ಯವಹಾರಗಳು ಹದಿಮೂರು ಹೆಚ್ಚಿದವು. ಹೊಸಬರಿಬ್ಬರೂ ಒಂದೇ ಮನೆಯವರಾದರೆ ಒಂದು ಕಡಿಮೆ, ಹನ್ನೆರಡು. ಸಂತೆಯಿಂದ ತಂದ ದಿನ ಅಂಗಳದಲ್ಲಿ ನಡೆಯುವುದು ಈ ಹನ್ನೆರಡು ವ್ಯಾಜ್ಯಗಳ ವಿಚಾರಣೆಯೇ ಹೊರತು ಬರಿಯ ದುಷ್ಟತನವಲ್ಲ. ಹಳೆಯ ಆರರಲ್ಲಿ ಒಂದೊಂದೂ ತನ್ನ ಸ್ಥಾನ ಉಳಿಸಿಕೊಳ್ಳಲು ಎರಡು ಬಾರಿ ಕಾದರೆ ಸಾಕು. ಹೊಸದು ಒಂದೊಂದೂ ಅದೇ ದಿನ, ಅದೇ ಹೊತ್ತಿಗೆ, ಆರು ಬಾರಿ ಕಾದಬೇಕು. ದಣಿಯುವುದು ಯಾವುದೆಂದು ಹೇಳಬೇಕಾಗಿಲ್ಲ. ಅದರ ಮೇಲೆ ಅದು ಪರಸ್ಥಳದ್ದು. ನೀರೆಲ್ಲಿ, ನೆರಳೆಲ್ಲಿ ಎಂಬುದೂ ಅದಕ್ಕೆ ತಿಳಿಯದು.

ಕಾಳಗದ ರೀತಿಯನ್ನೂ ನೋಡಿರಬೇಕು. ಎರಡು ಹೇಂಟೆಗಳು ಎದುರುಬದುರಾಗಿ ನಿಂತು ಕೊರಳ ಗರಿಗಳನ್ನು ನಿಮಿರಿಸುತ್ತವೆ. ಕ್ಷಣಕಾಲ ಕೊಕ್ಕಿಗೆ ಕೊಕ್ಕು ಹಿಡಿದು ಅಲುಗದೆ ನಿಲ್ಲುತ್ತವೆ. ಬಳಿಕ ಒಮ್ಮೆಗೇ ನೆಗೆದು ಎದೆಗೆ ಒದೆಯುತ್ತವೆ, ಜುಟ್ಟನ್ನು ಹಿಡಿದೆಳೆಯುತ್ತವೆ. ಒಂದು ತಲೆ ತಗ್ಗಿಸಿ ಮುಖ ತಿರುಗಿಸಿತೆಂದರೆ ಸೋಲೊಪ್ಪಿತು. ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿ ನಿಲ್ಲುತ್ತದೆ. ಇಷ್ಟರಲ್ಲಿ ಮುಗಿದರೆ ಯಾರಿಗೂ ಹಾನಿಯಿಲ್ಲ. ಮರುದಿನದಿಂದ ಒಂದು ನೋಟ, ಒಂದು ಕೊಕ್ಕೆತ್ತುವಿಕೆ ಸಾಕು. ಅನಾಹುತವಾಗುವುದು ಸೋತ ಹೇಂಟೆಗೆ ಓಡಲು ದಾರಿಯಿಲ್ಲದಿದ್ದಾಗ. ಮೂಲೆಗೆ ಸಿಕ್ಕಿಕೊಂಡದ್ದು ಸೋಲೊಪ್ಪಿದರೂ ಎದುರಿನಿಂದ ಮರೆಯಾಗಲಾರದು. ಮರೆಯಾಗದವರೆಗೆ ಹೊಡೆತ ನಿಲ್ಲದು. ಹೊಸ ಕೋಳಿಗಳನ್ನು ಸೇರಿಸುವ ವಿಧಾನಗಳೆಲ್ಲದರ ಗುಟ್ಟು ಇಲ್ಲಿದೆ. ಜಗಳವನ್ನು ನಾವು ತಪ್ಪಿಸಲಾರೆವು, ತಪ್ಪಿಸಲೂ ಬಾರದು. ತಪ್ಪಿಸಿದಷ್ಟು ದಿನ ತೀರ್ಮಾನ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಸೋತದ್ದು ಸರಿದುಹೋಗಲು ಎಡೆಯಿರುವಂತೆ ಮಾಡುವುದು ನಮ್ಮ ಕೆಲಸ.

ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆಯ ಭಾಗದಿಂದ: ಜುಟ್ಟಿನ ಆಕಾರ, ಗಲ್ಲದ ಕೆಳಗೆ ಜೋಲುವ ಕೆಂಪು ಚರ್ಮ, ಕೊರಳ ಬಣ್ಣ. ಇವನ್ನು ಮಾರ್ಪಡಿಸಿದರೆ ಗೂಡಿನ ಹಳೆಯ ಸದಸ್ಯನನ್ನೂ ಪರಕೀಯನೆಂದು ಭಾವಿಸಿ ಅಟ್ಟುವುದುಂಟೆಂದು ಪ್ರಯೋಗಗಳು ತೋರಿಸಿವೆ. ಅವುಗಳ ನೆನಪಿಗೂ ಒಂದು ಮಿತಿಯಿದೆ. ಎರಡು ಮೂರು ವಾರ ಬೇರೆಯಾಗಿದ್ದು ಮರಳಿದ ಹೇಂಟೆಗೆ ಹಲವು ವೇಳೆ ಹೊಸಬರಿಗೆ ಸಿಗುವ ಸ್ವಾಗತವೇ ಸಿಗುತ್ತದೆ. ಕಾವು ಕೂತ ಹೇಂಟೆ ಇಪ್ಪತ್ತೊಂದು ದಿನ ಮರೆಯಲ್ಲಿದ್ದರೂ ಹಾಗಾಗುವುದಿಲ್ಲವೇಕೆ ಎಂದು ನೀವು ಕೇಳಬಹುದು. ಅದು ದಿನಕ್ಕೊಮ್ಮೆ ಎದ್ದು ಬಂದು ತಿಂದು, ಕುಡಿದು, ಎಲ್ಲರ ಕಣ್ಣಿಗೂ ಬಿದ್ದು ಹೋಗುತ್ತದೆ. ಮರಿಗಳೊಡನೆ ಹೊರಬಂದ ಮೇಲಂತೂ ಅದರ ತಂಟೆಗೆ ಹೋಗುವ ಧೈರ್ಯ ಯಾವುದಕ್ಕೂ ಇಲ್ಲ.

ಪದೇ ಪದೇ ಸದಸ್ಯರು ಬದಲಾಗುವ ಹಿಂಡಿಗೆ ನಷ್ಟವೆಷ್ಟು? ಅಮೆರಿಕದ ಗೂಲ್ ಮತ್ತು ಆಲೀ ಎಂಬ ವಿಜ್ಞಾನಿಗಳು 1944ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದಾ ಕಲಕುತ್ತಿದ್ದ ಹಿಂಡಿನ ಹೇಂಟೆಗಳು ನೆಲೆನಿಂತ ಹಿಂಡಿನವುಗಳಿಗಿಂತ ಹೆಚ್ಚು ಕಾದಾಡಿದವು, ಕಡಿಮೆ ತಿಂದವು, ಕಡಿಮೆ ಮೊಟ್ಟೆಯಿಟ್ಟವು. ಆದಕಾರಣ ತಿಂಗಳಿಗೊಂದರಂತೆ ಕೋಳಿ ತಂದು ಸೇರಿಸುವ ಪದ್ಧತಿ ಒಳ್ಳೆಯದಲ್ಲ. ತರುವುದಾದರೆ ವರ್ಷಕ್ಕೊಮ್ಮೆ, ಬೇಕಾದಷ್ಟನ್ನು ಒಟ್ಟಿಗೆ ತರಬೇಕು. ಒಂಟಿ ಹೇಂಟೆಯನ್ನು ತರಲೇಬಾರದು. ಎರಡು ಮೂರಿದ್ದರೆ ಹೊಡೆತ ಹಂಚಿಹೋಗುತ್ತದೆ, ಜೊತೆಗೂ ಒಂದಿರುತ್ತದೆ. ಸಾವಿರಗಟ್ಟಲೆ ಕೋಳಿಗಳಿರುವ ದೊಡ್ಡ ಶೆಡ್ಡುಗಳಲ್ಲಿ ಈ ಶ್ರೇಣಿಯೇ ಸರಿಯಾಗಿ ಏರ್ಪಡುವುದಿಲ್ಲವೆಂಬುದು ಕುತೂಹಲದ ಸಂಗತಿ. ಅಷ್ಟೊಂದು ಮುಖಗಳನ್ನು ನೆನಪಿಡಲಾಗದೆ ಅವು ಪರಸ್ಪರ ಸಹಿಸಿಕೊಂಡಿರುತ್ತವೆ. ಕಷ್ಟವೆಲ್ಲ ಇರುವುದು ಆರೆಂಟು ಕೋಳಿಗಳ ಹಿತ್ತಲಲ್ಲೇ.

ಆದರೆ ಜಗಳಕ್ಕಿಂತ ಮೊದಲು ಯೋಚಿಸಬೇಕಾದದ್ದು ಕಣ್ಣಿಗೆ ಕಾಣದ ಶತ್ರುವನ್ನು ಕುರಿತು. ಜಗಳದಲ್ಲಿ ಸಾಯುವುದು ಹೆಚ್ಚೆಂದರೆ ಒಂದು ಕೋಳಿ. ರೋಗ ಹೊಕ್ಕರೆ ಗೂಡೇ ಬರಿದಾಗುತ್ತದೆ. ಇವುಗಳಲ್ಲಿ ಅತಿ ಭಯಂಕರವಾದದ್ದು ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಕಾಯಿಲೆ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ ಕಾಣಿಸಿಕೊಂಡು, ಅದೇ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ನಮ್ಮ ದೇಶದಲ್ಲಿ ಇದಕ್ಕೆ ಆ ಹೆಸರು. ಬಾಯಿ ತೆರೆದು ಏದುಸಿರು, ಹಸಿರು ಬೆರೆತ ನೀರು ಹಿಕ್ಕೆ, ತಿರುಚಿದ ಕತ್ತು ಇದರ ಚಿಹ್ನೆಗಳು. ಚಿಹ್ನೆ ಕಂಡ ಕೋಳಿಯನ್ನು ಯಾರೂ ಕೊಳ್ಳುವುದಿಲ್ಲ. ಅಪಾಯವಿರುವುದು ಚಿಹ್ನೆ ಕಾಣದ ಕೋಳಿಯಲ್ಲಿ. ವೈರಸ್ ಒಳಹೊಕ್ಕ ಎರಡರಿಂದ ಹದಿನೈದು ದಿನಗಳವರೆಗೆ ಹಕ್ಕಿ ಆರೋಗ್ಯವಾಗಿಯೇ ತೋರಬಹುದು. ಸಂತೆಯ ದಿನ ಚುರುಕಾಗಿದ್ದ ಕೋಳಿ ಹತ್ತನೆಯ ದಿನ ತೂಕಡಿಸತೊಡಗಿದರೆ, ಅಷ್ಟರಲ್ಲಿ ಅದರ ಹಿಕ್ಕೆಯನ್ನು ತುಳಿದ ಎಲ್ಲ ಕೋಳಿಗಳಿಗೂ ಕಾಯಿಲೆ ತಗುಲಿರುತ್ತದೆ.

ನಾನಾ ಊರಿನ ಕೋಳಿಗಳು ಒಂದೆಡೆ ಸೇರುವ ಜಾಗಗಳಲ್ಲಿ ಈ ಭಯ ಅಧಿಕ. ಕಾಪುವಿನಲ್ಲಿ ಮಾರಿಪೂಜೆಯ ದಿನಗಳಲ್ಲಿ ಬುಟ್ಟಿಬುಟ್ಟಿಯಾಗಿ ಕೋಳಿಗಳು ಮಾರಾಟಕ್ಕೆ ಬರುತ್ತವೆ. ವಾರದ ಸಂತೆಗಳಲ್ಲಿಯೂ ಹಾಗೆಯೇ. ಅಂಥ ಕಡೆ ಕೊಂಡದ್ದನ್ನು ನೇರವಾಗಿ ಗೂಡಿಗೆ ಸೇರಿಸುವುದು ಅವಿವೇಕ. ಪರಿಚಯದ ಮನೆಯಿಂದ, ಅಲ್ಲಿನ ಗೂಡನ್ನು ಕಣ್ಣಾರೆ ಕಂಡು ತರುವುದು ಲೇಸು. ಸರಕಾರಿ ಕೇಂದ್ರದಿಂದ ತಂದರೂ ಎಚ್ಚರ ಬಿಡುವಂತಿಲ್ಲ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ನಾಶಮಾಡಬೇಕಾಯಿತು.

ಹಾಗಾದರೆ ತಂದ ಕೋಳಿಗಳನ್ನು ಎಷ್ಟು ದಿನ ಬೇರೆ ಇಡಬೇಕು? ರೋಗ ಅಡಗಿರುವ ಅವಧಿ ಹದಿನೈದು ದಿನವಾದ್ದರಿಂದ ಮೂರು ವಾರಕ್ಕೆ ಕಡಿಮೆಯಾಗಬಾರದು. ಒಂದು ತಿಂಗಳಾದರೆ ನಿಶ್ಚಿಂತೆ. ಇಡುವ ಜಾಗ ಹಳೆಯ ಗೂಡಿನಿಂದ ಸಾಧ್ಯವಾದಷ್ಟು ದೂರ, ಮನೆಯ ಇನ್ನೊಂದು ಬದಿಯಲ್ಲಿರಲಿ. ಮಣಿಪಾಲದಂಥ ಪಟ್ಟಣದ ಹತ್ತು ಸೆಂಟ್ಸಿನ ಹಿತ್ತಲಲ್ಲಿ ಇದು ಕಷ್ಟ. ಅಲ್ಲಿಯವರು ಕೋಳಿ ಸಾಕದ ನೆರೆಮನೆಯವರನ್ನು ಆಶ್ರಯಿಸುವುದು ಮೇಲು. ಮೊದಲು ಹಳೆಯ ಕೋಳಿಗಳಿಗೆ ತೀನಿ ಹಾಕಿ, ಆಮೇಲೆ ಹೊಸವುಗಳ ಬಳಿ ಹೋಗಬೇಕು. ಅಲ್ಲಿಂದ ಬಂದೊಡನೆ ಕೈಕಾಲು ಸಾಬೂನಿನಿಂದ ತೊಳೆಯಬೇಕು. ಪಾತ್ರೆಗಳನ್ನು ಬೆರಕೆ ಮಾಡಬಾರದು. ಈ ಕ್ರಮವನ್ನು ಮರೆಯದೆ ಪಾಲಿಸುವುದರಲ್ಲಿ ಮಕ್ಕಳು ದೊಡ್ಡವರಿಗಿಂತ ಮೇಲು. ಇದೇ ಅವಧಿಯಲ್ಲಿ ರೆಕ್ಕೆಯ ಅಡಿಯಲ್ಲಿಯೂ ಬಾಲದ ಬುಡದಲ್ಲಿಯೂ ಗರಿ ಬಿಡಿಸಿ ಹೇನು ನೋಡಬೇಕು. ಮುಖ ಊದಿದೆಯೇ, ಮೂಗಿನಲ್ಲಿ ನೀರಿದೆಯೇ, ಜುಟ್ಟಿನ ಮೇಲೆ ಸಿಡುಬಿನ ಹಕ್ಕಳೆಗಳಿವೆಯೇ, ಹಿಕ್ಕೆಯಲ್ಲಿ ರಕ್ತವಿದೆಯೇ ಎಂದು ಪರೀಕ್ಷಿಸಬೇಕು. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಆದರೆ ಲಸಿಕೆಯುಂಟು. ಹಳೆಯವು ಹೊಸವು ಎರಡಕ್ಕೂ ಲಸಿಕೆಯಾಗಿದೆಯೇ ಎಂದು ಸಮೀಪದ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿ, ಆಗದಿದ್ದರೆ ಈ ಬಿಡುವಿನಲ್ಲೇ ಮುಗಿಸಿಕೊಳ್ಳಬೇಕು.

ಪ್ರತ್ಯೇಕ ವಾಸ ಮುಗಿದ ಮೇಲೆ ಎರಡನೆಯ ಹಂತ: ನೋಡಬಹುದು, ಮುಟ್ಟಲಾಗದು. ಹಳ್ಳಿಗಳಲ್ಲಿ ಹೊಸ ಕೋಳಿಯನ್ನು ಬಿದಿರಿನ ಬುಟ್ಟಿ ಕವುಚಿ ಅಂಗಳದಲ್ಲಿ ಕೆಲವು ದಿನ ಮುಚ್ಚಿಡುವ ರೂಢಿಯುಂಟು. ಮನೆ ಗೊತ್ತಾಗಲೆಂಬುದು ಅದರ ಉದ್ದೇಶ. ಆದರೆ ಅದರಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಬಿದಿರಿನ ಸಂದಿಯಿಂದ ಹೊಸದು ಹಳೆಯವುಗಳನ್ನೂ, ಹಳೆಯವು ಹೊಸದನ್ನೂ ನೋಡುತ್ತಿರುತ್ತವೆ. ಮೊದಲ ದಿನ ಸಂದಿಯೊಳಗೆ ಕೊಕ್ಕು ತೂರಿಸಿ ಬೈದಾಡಿದವು ನಾಲ್ಕನೆಯ ದಿನಕ್ಕೆ ಅದರ ಪಕ್ಕದಲ್ಲೇ ಕೆದಕುತ್ತ ಹೋಗುತ್ತವೆ. ಬುಟ್ಟಿ ಇಕ್ಕಟ್ಟಾದುದರಿಂದ ತಂತಿಬಲೆಯ ಪುಟ್ಟ ಆವರಣ ಇನ್ನೂ ಒಳ್ಳೆಯದು. ಬಲೆಯ ಎರಡೂ ಬದಿಗೆ ಒಂದೇ ಹೊತ್ತಿನಲ್ಲಿ ನುಚ್ಚು ತೌಡು ಹಾಕಿದರೆ, ಎದುರಾಳಿಯ ಮುಖ ನೋಡುತ್ತ ನೆಮ್ಮದಿಯಾಗಿ ತಿನ್ನುವ ಅಭ್ಯಾಸವಾಗುತ್ತದೆ. ಒಂದು ವಾರ ಹೀಗೆ ನಡೆಯಲಿ. ಹತ್ತು ದಿನವಾದರೂ ನಷ್ಟವಿಲ್ಲ. ಇನ್ನು ಕೆಲವರು ಹೊಸ ಕೋಳಿಯ ಕಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಾರೆ. ಹಳೆಯ ಕೋಳಿಗಳು ತಿರುಗಾಡುವ ಅಂಗಳದಲ್ಲಿ ಇದು ಸರ್ವಥಾ ಕೂಡದು. ಓಡುವ ದಾರಿಯನ್ನೇ ಕಸಿದುಕೊಂಡು ಶತ್ರುಗಳ ನಡುವೆ ನಿಲ್ಲಿಸಿದಂತೆ ಅದು.

ಕೂಡಿಸುವ ದಿನ ಗೂಡಿನೊಳಗೆ ಕೂಡಿಸಬಾರದು, ಬಯಲಲ್ಲಿ ಕೂಡಿಸಬೇಕು. ಸಂಜೆ ಗೂಡು ಸೇರಲು ಒಂದೆರಡು ಗಂಟೆಯಿರುವಾಗ ಬಲೆ ತೆಗೆದರೆ, ಕಾದಾಟಕ್ಕೆ ಸಿಗುವ ಹೊತ್ತು ಕಡಿಮೆ. ಅದಕ್ಕೆ ಮೊದಲು ಅಂಗಳವನ್ನು ಸ್ವಲ್ಪ ಅಸ್ತವ್ಯಸ್ತ ಮಾಡಬೇಕು. ಗೋಡೆಗೆ ಎರಡು ತೆಂಗಿನ ಗರಿಗಳನ್ನು ಓರೆಯಾಗಿ ಒರಗಿಸಿಟ್ಟರೆ ಅದರ ಹಿಂದೆ ಸುರಂಗದಂಥ ದಾರಿಯಾಗುತ್ತದೆ. ಕಡಿದ ಬಾಳೆದಿಂಡು, ಹಳೆಯ ಕುರ್ಚಿ, ಸೌದೆಯ ಹೊರೆ, ಯಾವುದಾದರೂ ಸರಿ, ಅಟ್ಟುವ ಕೋಳಿಯ ದೃಷ್ಟಿ ತಪ್ಪಿಸಿದರೆ ಸಾಕು. ಮರೆಗಳಿಗೆ ಎರಡು ಬಾಯಿಗಳಿರಬೇಕು. ಒಂದೇ ಬಾಯಿಯ ಮೂಲೆ ಅಡಗುದಾಣವಲ್ಲ, ಬೋನು. ತೀನಿ ನೀರುಗಳನ್ನು ಮೂರು ಕಡೆ, ಒಂದರಿಂದ ಇನ್ನೊಂದು ಕಾಣದಂತೆ ಇಡಬೇಕು. ತುದಿಯ ಹೇಂಟೆ ಎಷ್ಟೇ ಬಲಿಷ್ಠವಾದರೂ ಒಂದೇ ಸಮಯಕ್ಕೆ ಮೂರು ಪಾತ್ರೆಗಳನ್ನು ಕಾಯಲಾರದು.

ಈ ವಿಷಯದಲ್ಲಿ ಊರಿನಿಂದ ಊರಿಗೆ ವ್ಯತ್ಯಾಸವಿದೆ. ಕಾಪುವಿನ ಕಡಲಂಚಿನ ತೆಂಗಿನ ಹಿತ್ತಲುಗಳಲ್ಲಿ ಎಡೆಗೆ ಕೊರತೆಯಿಲ್ಲ, ಮರಳುನೆಲ ಬೇಗ ಒಣಗುತ್ತದೆ. ಆದರೆ ಬಯಲು ಬಟಾಬಯಲಾದ್ದರಿಂದ ಮರೆಗಳನ್ನು ನಾವೇ ನಿರ್ಮಿಸಬೇಕು, ಗಿಡುಗನ ಕಣ್ಣಿಗೂ ಅಂಜಬೇಕು. ಕಾರ್ಕಳದ ಕಡೆ ಪೊದೆ ಗಿಡಗಳು ಧಾರಾಳ. ಅಲ್ಲಿ ಹೊಸ ಕೋಳಿ ಅಡಗಿದ್ದು ರಾತ್ರಿ ಹೊರಗುಳಿಯುವುದೇ ಅಪಾಯ. ಹೊತ್ತು ಮುಳುಗುವ ಮುನ್ನ ತಲೆಯೆಣಿಸಿ, ಕಡಿಮೆಯಾದದ್ದನ್ನು ಹುಡುಕಿ ತರಬೇಕು. ಉಡುಪಿ, ಮಣಿಪಾಲಗಳ ಆವರಣಗೋಡೆಯೊಳಗಿನ ಹಿತ್ತಲುಗಳಲ್ಲಿ ಮುಂಗುಸಿಗಿಂತ ಇಕ್ಕಟ್ಟೇ ಹೆಚ್ಚಿನ ಶತ್ರು. ರಾತ್ರಿಯ ಗೂಡಿನಲ್ಲಿ ಕೋಳಿಯೊಂದಕ್ಕೆ ಎರಡು ಚದರ ಅಡಿಯೂ ಅಡ್ಡಗೋಲಿನ ಮೇಲೆ ಒಂದು ಗೇಣೂ ಸಿಗದಿದ್ದರೆ ಹೊಸ ಕೋಳಿ ತರುವ ಮೊದಲು ಗೂಡನ್ನು ಹಿಗ್ಗಿಸಬೇಕು.

ಕತ್ತಲಲ್ಲಿ ಹೊಸ ಕೋಳಿಯನ್ನು ಸದ್ದಿಲ್ಲದೆ ಅಡ್ಡಗೋಲಿನ ಮೇಲೆ ಕೂರಿಸಿಬಿಟ್ಟರೆ, ಬೆಳಗಾದಾಗ ಹಳೆಯವು ಅದನ್ನು ತಮ್ಮದೆಂದೇ ತಿಳಿಯುತ್ತವೆ ಎಂಬ ನಂಬಿಕೆಯೊಂದು ಪ್ರಚಾರದಲ್ಲಿದೆ. ಕೋಳಿಗಳಿಗೆ ಇರುಳುಗಣ್ಣು ಮಂದ ಎಂಬುದು ನಿಜ. ಆದ್ದರಿಂದ ರಾತ್ರಿ ಜಗಳವಾಗುವುದಿಲ್ಲ. ಆದರೆ ಬೆಳಗಾಗುತ್ತದೆ! ಒಂದೊಂದು ಮುಖವನ್ನೂ ಬಲ್ಲ ಹಕ್ಕಿ ಹಾಗೆ ಮೋಸಹೋಗುವುದಿಲ್ಲ. ಬಲೆಯ ಆಚೀಚೆ ಒಂದು ವಾರ ಕಳೆದ ಮೇಲೆ ಹೀಗೆ ಮಾಡಿದರೆ ಅನುಕೂಲವೇ; ಆ ವಾರಕ್ಕೆ ಬದಲಾಗಿ ಮಾಡಿದರೆ ಪ್ರಯೋಜನವಿಲ್ಲ. ಮೊದಲ ಕೆಲವು ದಿನ ನಸುಕಿನಲ್ಲೇ ಎದ್ದು ಬಾಗಿಲು ತೆರೆಯುವುದು ಮಾತ್ರ ಅವಶ್ಯ.

ಎರಡು ಮೂರು ದಿನ ಅಟ್ಟಾಟ, ಒಂದೆರಡು ಗರಿ ಹಾರುವುದು, ಇವು ನಡೆದೇ ನಡೆಯುತ್ತವೆ. ಪ್ರತಿ ಸಲವೂ ಕೋಲು ಹಿಡಿದು ನಡುವೆ ಹೋಗಬೇಕಾಗಿಲ್ಲ. ಆದರೆ ರಕ್ತ ಕಂಡರೆ ತಡಮಾಡಬಾರದು. ಕೆಂಪು ಚುಕ್ಕೆ ಕೋಳಿಗಳ ಕೊಕ್ಕನ್ನು ಸೆಳೆಯುತ್ತದೆ. ಒಂದು ಕುಕ್ಕಿದ ಗಾಯವನ್ನು ಉಳಿದವೂ ಕುಕ್ಕಿ ದೊಡ್ಡದು ಮಾಡುತ್ತವೆ. ಗಾಯಗೊಂಡದ್ದನ್ನು ಎತ್ತಿ, ಗಾಯ ತೊಳೆದು, ಅರಸಿನ ಹಚ್ಚಿ, ಮತ್ತೆ ಬಲೆಯೊಳಗೆ ಇಡಬೇಕು. ಮನೆಯೊಳಗೆ ಒಯ್ದು ಮುಚ್ಚಿಟ್ಟರೆ ಗಾಯ ಮಾಯುವಷ್ಟರಲ್ಲಿ ಅದು ಪುನಃ ಅಪರಿಚಿತವಾಗಿಬಿಡುತ್ತದೆ. ಒಂದೇ ಹೇಂಟೆ ಬಿಡದೆ ಪೀಡಿಸುತ್ತಿದ್ದರೆ, ಪೀಡಿತವನ್ನಲ್ಲ, ಪೀಡಕನನ್ನೇ ನಾಲ್ಕಾರು ದಿನ ಹೊರಗಿಡುವುದು ಜಾಣತನ. ಅದು ಮರಳುವಾಗ ಉಳಿದವು ಒಗ್ಗೂಡಿರುತ್ತವೆ; ತನ್ನ ಹಳೆಯ ಸ್ಥಾನವನ್ನು ಅದು ಹೊಸತಾಗಿ ಸಂಪಾದಿಸಿಕೊಳ್ಳಬೇಕಾಗುತ್ತದೆ.

ತಳಿಯ ಮಾತನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ ಕೋಳಿ ಕರ್ನಾಟಕದ ಹಿತ್ತಲುಗಳಲ್ಲಿ ಹೆಸರು ಮಾಡಿದೆ. ಆನಂತರ ಸ್ವರ್ಣಧಾರ ಬಂದಿತು. ಇವು ನಾಟಿ ಕೋಳಿಗಿಂತ ಬಹಳ ತೂಕದವು, ಮೊಟ್ಟೆಯನ್ನೂ ಹೆಚ್ಚಾಗಿ ಇಡುತ್ತವೆ. ದೊಡ್ಡ ಮೈಯ ಗಿರಿರಾಜವನ್ನು ನಾಟಿಗಳ ನಡುವೆ ಬಿಟ್ಟರೆ ಅದೇ ಯಜಮಾನಿಕೆ ನಡೆಸೀತೆಂದು ತೋರಬಹುದು. ಹಾಗೆಂದು ಹೇಳಲಾಗದು. ಚುರುಕಿನಲ್ಲಿ, ನೆಗೆತದಲ್ಲಿ, ಛಲದಲ್ಲಿ ನಾಟಿ ಹೇಂಟೆಗೆ ಸರಿಸಮಾನರಿಲ್ಲ. ತನ್ನ ಅಂಗಳವೆಂಬ ಬಲವೂ ಅದಕ್ಕುಂಟು. ಅಪಾಯ ನಿಶ್ಚಿತವಾಗಿರುವುದು ಎಳೆಯ ಮರಿಗಳನ್ನು ದೊಡ್ಡ ಕೋಳಿಗಳ ನಡುವೆ ಬಿಟ್ಟಾಗ. ಸುಮಾರು ನಾಲ್ಕು ತಿಂಗಳು ತುಂಬಿ, ಮೈಗಾತ್ರದಲ್ಲಿ ಹಳೆಯವಕ್ಕೆ ಸಮೀಪವಾಗುವವರೆಗೆ ಅವುಗಳನ್ನು ಬೇರೆಯೇ ಬೆಳೆಸಬೇಕು.

ಇದಕ್ಕೊಂದು ಅಪವಾದವಿದೆ, ನಮ್ಮ ಅಜ್ಜಿಯಂದಿರು ಬಹುಕಾಲದಿಂದ ಬಲ್ಲ ಉಪಾಯವೇ ಅದು. ಕಾವಿಗೆ ಕೂತ ನಾಟಿ ಹೇಂಟೆಯ ಅಡಿಯಲ್ಲಿ ಬೇರೆ ಮನೆಯಿಂದ ತಂದ ಮೊಟ್ಟೆಗಳನ್ನಿಡುವುದು, ಅಥವಾ ಅದರ ಮರಿಗಳು ಒಡೆದ ಹೊತ್ತಿಗೆ ಒಂದು ದಿನದ ಮರಿಗಳನ್ನು ತಂದು ರಾತ್ರಿ ಅದರ ರೆಕ್ಕೆಯಡಿ ಸೇರಿಸುವುದು. ತಾಯಿ ಅವನ್ನು ತನ್ನವೆಂದೇ ಸಾಕುತ್ತದೆ. ಹತ್ತಿರ ಸುಳಿದ ಹೇಂಟೆಯ ಮೇಲೆ, ನಾಯಿಯ ಮೇಲೆ ಕೂಡ, ಎರಗುತ್ತದೆ. ತಾಯಿಯ ಹಿಂದೆ ತಿರುಗುತ್ತ ಬೆಳೆದ ಮರಿಗಳನ್ನು ಗೂಡಿನ ಎಲ್ಲ ಕೋಳಿಗಳೂ ದಿನವೂ ನೋಡಿರುತ್ತವೆ. ತಾಯಿ ಕೈಬಿಟ್ಟ ದಿನ ಅವು ಶ್ರೇಣಿಯ ಬುಡದಲ್ಲಿ ನಿಂತರೂ ಪರಕೀಯರಾಗಿ ನಿಲ್ಲುವುದಿಲ್ಲ. ಸಂತೆಯ ಕೋಳಿ ತಿಂಗಳುಗಟ್ಟಲೆ ಶ್ರಮದಿಂದ ಪಡೆಯುವ ಪರಿಚಯ ಇವಕ್ಕೆ ಹುಟ್ಟಿನಿಂದ ಬಂದಿರುತ್ತದೆ. ಅವಸರವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಮಾರ್ಗವನ್ನು ನಾನು ಕಾಣೆ.

ಹುಂಜದ ಲೆಕ್ಕವೇ ಬೇರೆ. ಹುಂಜಗಳ ಶ್ರೇಣಿ ಹೇಂಟೆಗಳದರಿಂದ ಪ್ರತ್ಯೇಕ. ಹೇಂಟೆಗಳ ಕಾದಾಟ ಮಿತಿಮೀರಿದಾಗ ಹಳೆಯ ಹುಂಜ ನಡುವೆ ನುಗ್ಗಿ ಬಿಡಿಸುವುದನ್ನೂ ಕಾಣಬಹುದು. ಹೊಸ ಹೇಂಟೆಗಳಿಗೆ ಆ ಅಂಗಳದ ಮೊದಲ ನೆಂಟ ಅದೇ. ಆದರೆ ಹೊಸ ಹುಂಜವನ್ನು ಹಳೆಯ ಹುಂಜವಿರುವಲ್ಲಿ ಸೇರಿಸಲು ಹೋಗಬಾರದು. ಕಾಲ್ಮುಳ್ಳುಗಳುಳ್ಳ ಆ ಕಾಳಗ ಸುಲಭದಲ್ಲಿ ನಿಲ್ಲದು. ಈ ಸ್ವಭಾವವನ್ನೇ ಬಳಸಿಕೊಂಡ ಕೋಳಿ ಅಂಕ ತುಳುನಾಡಿನಲ್ಲಿ ಎಷ್ಟು ಹಳೆಯದೆಂಬುದು ನಿಮಗೆ ಗೊತ್ತೇ ಇದೆ. ಹಕ್ಕಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧ.

ಕಾಲವನ್ನೂ ಆರಿಸಿಕೊಳ್ಳಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ನಾಡಿನಲ್ಲಿ ಆಟಿ ತಿಂಗಳು ಇಂಥ ಕೆಲಸಕ್ಕೆ ಹೇಳಿಸಿದ್ದಲ್ಲ. ಕೋಳಿಗಳು ದಿನವಿಡೀ ಗೂಡಿನಲ್ಲೋ ಸೂರಿನಡಿಯಲ್ಲೋ ಒತ್ತಿ ನಿಂತಿರುತ್ತವೆ. ಸೋತದ್ದಕ್ಕೆ ಮಳೆಯೊಳಗೆ ಓಡುವುದರ ಹೊರತು ಗತಿಯಿಲ್ಲ. ಒದ್ದೆ ಹಾಸಿನಲ್ಲಿ ರಕ್ತಭೇದಿಯಂಥ ಕಾಯಿಲೆಯೂ ಹರಡುತ್ತದೆ. ಬಿರುಬೇಸಗೆಯಲ್ಲಿ ಕೊಕ್ಕರೆ ರೋಗದ ಹಾವಳಿ. ಮಳೆ ಹಿಂಜರಿದು ನೆಲ ಒಣಗಿದ ಮೇಲೆ, ದೀಪಾವಳಿ ಕಳೆದು ಮಾಗಿ ಮುಗಿಯುವವರೆಗಿನ ದಿನಗಳು ಪ್ರಶಸ್ತ.

ಎಲ್ಲವೂ ಸರಿಹೋಯಿತೆಂದು ತಿಳಿಯುವುದು ಹೇಗೆ? ಜಗಳ ನಿಂತಿತೆಂಬುದೊಂದೇ ಸಾಲದು. ಹೊಸವು ಹೆದರಿ ದೂರ ನಿಂತಿದ್ದರೂ ಜಗಳ ನಿಂತಂತೆ ಕಾಣುತ್ತದೆ. ಹೊಸ ಹೇಂಟೆಯನ್ನು ಎತ್ತಿ ತೂಗಿ ನೋಡಬೇಕು; ಎದೆಯ ಮೂಳೆ ಕೈಗೆ ಚೂಪಾಗಿ ತಾಗಿದರೆ ಅದಕ್ಕೆ ಇನ್ನೂ ತೀನಿ ದಕ್ಕುತ್ತಿಲ್ಲ. ಒಂದೊಂದು ಕೋಳಿಯ ಕಾಲಿಗೂ ಬೇರೆಬೇರೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ, ದಿನಕ್ಕೆ ಹತ್ತು ನಿಮಿಷ ನೋಡಿ, ಯಾವುದು ಯಾವುದಕ್ಕೆ ದಾರಿ ಬಿಟ್ಟಿತೆಂದು ಪುಸ್ತಕದಲ್ಲಿ ಗೀಟು ಹಾಕುತ್ತ ಬಂದರೆ, ಶೆಲ್ಡೆರುಪ್-ಎಬ್ಬೆ ಕಂಡದ್ದನ್ನು ನೀವೂ ಕಾಣುವಿರಿ. ಮೊದಲ ವಾರ ಗೀಟುಗಳು ಎಲ್ಲೆಂದರಲ್ಲಿ ಬೀಳುತ್ತವೆ. ಮೂರನೆಯ ವಾರಕ್ಕೆ ಅವು ಒಂದು ಕ್ರಮಕ್ಕೆ ಬರುತ್ತವೆ. ಆ ಹೊತ್ತಿಗೆ ಒಂದು ಮಧ್ಯಾಹ್ನ, ಅಂಗಳದ ಮೂಲೆಯ ಬೂದಿ ಬೆರೆತ ಮಣ್ಣಿನಲ್ಲಿ ಹಳೆಯ ಹೇಂಟೆಗಳು ಹೊರಳಾಡುತ್ತಿರುವಾಗ ಹೊಸದೊಂದು ಬಂದು ಪಕ್ಕದಲ್ಲೇ ಮೈಚಾಚಿ, ಕಣ್ಣು ಮುಚ್ಚಿ, ರೆಕ್ಕೆಗೆ ಮಣ್ಣು ಎರಚಿಕೊಳ್ಳತೊಡಗುತ್ತದೆ. ಆ ದಿನದ ಬಳಿಕ ತಂತಿಬಲೆಯನ್ನು ಸುತ್ತಿ ಅಟ್ಟಕ್ಕೆ ಹಾಕಬಹುದು.